ಹಳೇ ಶಾಲೆ ಕಟ್ಟಡ: ರಿಪೇರಿಯಾ, ಕೆಡವಿ ಹೊಸದಾ? ಉತ್ತರ ಕನ್ನಡದವರಿಗೆ ಒಂದು ಸಮಗ್ರ ಮಾರ್ಗದರ್ಶಿ

ನಮ್ಮ ಕಡೆ ಹಳೇ ಶಾಲೆ ಕೆಡವುವ ಮಾತು ಸಾಮಾನ್ಯವಾಗಿ ಮಾರ್ಚ್-ಏಪ್ರಿಲ್‌ನಲ್ಲಿ ಬರುತ್ತದೆ. ಆಗ ಗೋಡೆ ಒಣಗಿರುತ್ತದೆ, ಮಾಡು ಸೋರುವುದಿಲ್ಲ. ಅನುದಾನ ವಾಪಸ್ ಹೋಗುತ್ತದೆ ಅಂತ ಎಲ್ಲರಿಗೂ ಅವಸರ. ಅರ್ಧ ಗಂಟೆಯ ಸಭೆಯಲ್ಲಿ ನೂರು ವರ್ಷದ ಕಟ್ಟಡದ ತೀರ್ಮಾನ ಆಗಿಬಿಡುತ್ತದೆ.

ನಾನು ಕುಮಟಾ-ಅಂಕೋಲಾ ಕಡೆ ಕಟ್ಟಡದ ಕೆಲಸ ಮಾಡಿಸುವವನು. ನಮ್ಮೂರ ಶಾಲೆಯ ಎಸ್‌ಡಿಎಂಸಿಯಲ್ಲೂ (ಶಾಲಾಭಿವೃದ್ಧಿ ಸಮಿತಿ) ಇದ್ದೆ. ನಮ್ಮ ಅಂಗಳದಲ್ಲಿ ಎರಡು ಕಟ್ಟಡ ಇದ್ದವು. ಒಂದು ಮುಂಬೈ ಸರ್ಕಾರದ ಕಾಲದ ಚಿರೇಕಲ್ಲಿನ ಹೆಂಚಿನ ಕಟ್ಟಡ. ಇನ್ನೊಂದು ಇಪ್ಪತ್ತೈದು-ಮೂವತ್ತು ವರ್ಷದ ಹಿಂದೆ ಕಟ್ಟಿದ ಎರಡು ತಾರಸಿ ಕೋಣೆ. ಹೆಂಚಿನದ್ದು ಹಳೇದು, ಅದನ್ನೇ ಕೆಡವಬೇಕು ಅಂತ ಊರಿಗೆ ಊರೇ ಹೇಳಿತು. ನಾನೂ ಹೂಂ ಅಂದಿದ್ದೆ. ಆದರೆ ಒಂದು ಮಳೆಗಾಲ ಕೂತು ನೋಡಿದ ಮೇಲೆ ಲೆಕ್ಕ ಪೂರ್ತಿ ತಿರುಗಿಬಿತ್ತು. ಕೊನೆಗೆ ಕೆಡವಿದ್ದು ತಾರಸಿ ಕೋಣೆಗಳನ್ನು. ಹಾಗಾಗಿ ಈ ಬರಹದಲ್ಲಿ ಒಂದು ಮಾತನ್ನು ಒತ್ತಿ ಹೇಳುತ್ತೇನೆ: ಕಟ್ಟಡದ ವಯಸ್ಸು ನೋಡಬೇಡಿ, ಒಂದು ಮಳೆಗಾಲದಲ್ಲಿ ಅದರ ಒಳಗೆ ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ನೋಡಿ.

ಶಾಲೆ ಅಂತ ಬರೆದಿದ್ದೇನೆ. ಗ್ರಾಮ ಪಂಚಾಯ್ತಿ ಕಚೇರಿ, ಅಂಗನವಾಡಿ, ವಾಚನಾಲಯ, ಯಾವುದಕ್ಕಾದರೂ ಇದೇ ದಾರಿ.

ಹಂತ 1: ಇವತ್ತು ಒಳಗೆ ಕೂರಿಸಬಹುದಾ?

ರಿಪೇರಿಯೋ ಹೊಸದೋ ಅನ್ನುವ ಪ್ರಶ್ನೆ ಆಮೇಲೆ. 2025ರ ಜುಲೈ 25ರಂದು ರಾಜಸ್ಥಾನದ ಝಾಲಾವಾಡ ಜಿಲ್ಲೆಯ ಪಿಪ್ಲೋದಿಯಲ್ಲಿ ಸರ್ಕಾರಿ ಶಾಲೆಯ ಮಾಡು ಕುಸಿದು ಏಳು ಮಕ್ಕಳು ತೀರಿಹೋದರು. ಅದೂ ಮಳೆಗಾಲದಲ್ಲೇ. ಅದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ.

ಈ ನಾಲ್ಕರಲ್ಲಿ ಒಂದು ಕಂಡರೂ ಆ ಕೋಣೆಗೆ ಬೀಗ ಹಾಕಿ: ಗೋಡೆ ಹೊರಗೆ ಅಥವಾ ಒಳಗೆ ವಾಲಿದ್ದು, ತೊಲೆ ಕೂರುವ ಜಾಗದಲ್ಲಿ ಕಲ್ಲು ಒಡೆದದ್ದು, ತಾರಸಿಯಿಂದ ಸಿಮೆಂಟಿನ ಹಳಕು ಬಿದ್ದು ಸರಳು ಕಾಣುತ್ತಿರುವುದು, ಬಿರುಕು ವಾರದಿಂದ ವಾರಕ್ಕೆ ದೊಡ್ಡದಾಗುತ್ತಿರುವುದು. ವಾಲಿದ್ದು ತಿಳಿಯಲು ಮೇಸ್ತ್ರಿ ಹತ್ತಿರ ದಾರಕ್ಕೆ ಕಟ್ಟಿದ ತೂಗುಗುಂಡು ಬಿಡಿಸಿ ನೋಡಿದರೆ ಸಾಕು. ಬಿರುಕಿಗೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿಯನ್ನು ಎರಡೂ ತುದಿಗೆ ಸಿಮೆಂಟ್ ಹಾಕಿ ಕೂರಿಸಿ, ಪಕ್ಕದಲ್ಲಿ ಪೆನ್ಸಿಲ್‌ನಿಂದ ತಾರೀಖು ಬರೆಯಿರಿ. ಗಾಜು ಒಡೆದರೆ ಗೋಡೆ ಇನ್ನೂ ಅಲುಗಾಡುತ್ತಿದೆ ಅಂತ ಅರ್ಥ. ತಿಂಗಳುಗಟ್ಟಲೆ ಒಡೆಯದಿದ್ದರೆ ಅದು ಹಳೇ ಬಿರುಕು, ಅಷ್ಟು ಹೆದರಬೇಕಿಲ್ಲ.

ಬೀಗ ಹಾಕಿದ್ದನ್ನು ಮಾಸ್ತರೋ ಅಕ್ಕೋರೋ ಬಾಯಲ್ಲಿ ಹೇಳಿದರೆ ಸಾಲದು. ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೂ ಪಂಚಾಯ್ತಿಗೂ ಬರೆದು ಕೊಡಿ, ಸ್ವೀಕೃತಿ ಇಟ್ಟುಕೊಳ್ಳಿ.

ಹಂತ 2: ಜಾಗದ ಕಾಗದ

ಇದನ್ನು ಎಲ್ಲರೂ ಕೊನೆಗೆ ನೋಡುತ್ತಾರೆ. ಮೊದಲು ನೋಡಬೇಕು. ಹಳೇ ಕಟ್ಟಡ ಹೇಗೋ ನಿಂತಿದೆ, ಯಾರೂ ಕೇಳುವುದಿಲ್ಲ. ಹೊಸದು ಅಂತ ಅರ್ಜಿ ಹಾಕಿದ ಕೂಡಲೇ ಜಾಗ ಯಾರದ್ದು ಅನ್ನುವ ಪ್ರಶ್ನೆ ಎದ್ದು ನಿಲ್ಲುತ್ತದೆ.

ನಮ್ಮ ಜಿಲ್ಲೆಯಲ್ಲಿ ಎಷ್ಟೋ ಶಾಲೆಗಳು ಯಾರೋ ಪುಣ್ಯಾತ್ಮರು ಬಾಯಿಮಾತಿನಲ್ಲಿ ಕೊಟ್ಟ ಜಾಗದಲ್ಲಿವೆ. ಪಹಣಿ ತೆಗೆಸಿದರೆ ಇನ್ನೂ ಆ ಮನೆಯ ಅಜ್ಜನ ಹೆಸರೇ ಇರುತ್ತದೆ. ಅವರ ಮೊಮ್ಮಕ್ಕಳು ಒಪ್ಪಿಗೆಯಿಂದ ಇದ್ದಾಗಲೇ ದಾನಪತ್ರ ನೋಂದಣಿ ಮಾಡಿಸಿಬಿಡಿ.

ಸಿರಸಿ, ಸಿದ್ದಾಪುರ, ಯಲ್ಲಾಪುರ, ಜೋಯಿಡಾ ಕಡೆ ಜಾಗ ಅರಣ್ಯದ ಲೆಕ್ಕದಲ್ಲಿ ಇರುವುದೇ ಜಾಸ್ತಿ. ಹಾಗಿದ್ದರೆ ಕೈಚೆಲ್ಲಬೇಡಿ. 2006ರ ಅರಣ್ಯ ಹಕ್ಕು ಕಾಯ್ದೆಯ ಕಲಂ 3(2)ರಲ್ಲಿ ಶಾಲೆ, ಅಂಗನವಾಡಿ, ಆಸ್ಪತ್ರೆಯಂಥ ಕೆಲಸಕ್ಕೆ ಒಂದು ಹೆಕ್ಟೇರಿಗಿಂತ ಕಡಿಮೆ ಅರಣ್ಯ ಭೂಮಿ ಕೊಡಲು ದಾರಿ ಇದೆ. ಹೆಕ್ಟೇರಿಗೆ 75ಕ್ಕಿಂತ ಜಾಸ್ತಿ ಮರ ಕಡಿಯುವಂತಿಲ್ಲ, ಗ್ರಾಮಸಭೆಯ ಶಿಫಾರಸು ಬೇಕು. ಇದಕ್ಕೆ ಸಮಯ ಹಿಡಿಯುತ್ತದೆ. ಆ ಸಮಯದಲ್ಲಿ ಮಕ್ಕಳು ಎಲ್ಲಿ ಕೂರುತ್ತಾರೆ ಅನ್ನುವುದನ್ನೂ ಈಗಲೇ ಯೋಚಿಸಿ.

ಕರಾವಳಿಯವರಿಗೆ ಸಿಆರ್‌ಝಡ್, ಅಂದರೆ ಕರಾವಳಿ ನಿಯಂತ್ರಣ ವಲಯದ ನಿಯಮ. 2019ರ ಅಧಿಸೂಚನೆ ಪ್ರಕಾರ ಹಳ್ಳಿ ಭಾಗದಲ್ಲಿ ಜನಸಂಖ್ಯೆಯ ದಟ್ಟಣೆ ನೋಡಿ, ಸಮುದ್ರದ ಉಬ್ಬರದ ಗೆರೆಯಿಂದ 50 ಮೀಟರ್ ಅಥವಾ 200 ಮೀಟರ್ ತನಕ ಹೊಸ ಕಟ್ಟಡಕ್ಕೆ ತಡೆ ಇದೆ. ಉಪ್ಪುನೀರು ಏರಿಳಿಯುವ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿಯ ದಂಡೆಗೂ ನಿಯಮ ಅನ್ವಯಿಸುತ್ತದೆ. ಅಧಿಕೃತವಾಗಿ ಮೊದಲೇ ಇರುವ ಕಟ್ಟಡವನ್ನು ಅದೇ ಅಡಿಪಾಯದ ಅಳತೆಯಲ್ಲಿ ರಿಪೇರಿ ಮಾಡಲು ಅಥವಾ ಮತ್ತೆ ಕಟ್ಟಲು ಅವಕಾಶ ಇದೆ. ಇಲ್ಲಿ ಒಂದು ಅಪಾಯ ನೋಡಿ. ಕಟ್ಟಡದ ದಾಖಲೆ ಕೈಯಲ್ಲಿ ಇಲ್ಲದೆ ಕೆಡವಿಬಿಟ್ಟರೆ, ಅಲ್ಲಿ ಕಟ್ಟಡ ಇತ್ತು ಅಂತ ಸಾಬೀತು ಮಾಡುವುದೇ ಕಷ್ಟ. ಸಮುದ್ರದಂಚಿನ ಶಾಲೆಯಾದರೆ ಅಳತೆ ನಕ್ಷೆ, ಫೋಟೋ, ಹಳೇ ದಾಖಲೆ ಎಲ್ಲ ಸೇರಿಸಿ, ಕಾರವಾರದ ಸಂಬಂಧಪಟ್ಟ ಕಚೇರಿಯಿಂದ ಬರವಣಿಗೆಯಲ್ಲಿ ಉತ್ತರ ಬರುವ ತನಕ ಒಂದು ಕಲ್ಲೂ ತೆಗೆಯಬೇಡಿ.

ಹಂತ 3: ಒಂದು ಮಳೆಗಾಲದ ಪುಸ್ತಕ

ಇನ್ನೂರು ಪುಟದ ಒಂದು ನೋಟ್‌ಬುಕ್ ತನ್ನಿ. ಮೊದಲ ಪುಟದಲ್ಲಿ ಕಟ್ಟಡದ ನಕ್ಷೆ ಕೈಯಲ್ಲೇ ಬರೆಯಿರಿ. ಕೋಣೆಗೆ ನಂಬರ್, ಕಿಟಕಿಗೆ ನಂಬರ್. ಪುಸ್ತಕ ಯಾರ ಹತ್ತಿರ ಇರಬೇಕು ಗೊತ್ತಾ? ಬಿಸಿಯೂಟದ ಅಡುಗೆಯವರ ಹತ್ತಿರ. ಅವರು ದಿನಾ ಬರುತ್ತಾರೆ, ಬೇಗ ಬರುತ್ತಾರೆ, ಯಾವ ಮೂಲೆಗೆ ಬಕೆಟ್ ಇಡಬೇಕು ಅಂತ ಅವರಿಗೆ ಗೊತ್ತಿರುತ್ತದೆ.

ಮೂರು ಸಲ ಸರಿಯಾಗಿ ನೋಡಬೇಕು. ಜೂನ್ ಮೊದಲ ದೊಡ್ಡ ಮಳೆಗೆ, ಜುಲೈನಲ್ಲಿ ನಾಲ್ಕು ದಿನ ಬಿಡದೆ ಹೊಯ್ದಾಗ, ಮತ್ತೆ ಅಕ್ಟೋಬರ್‌ನಲ್ಲಿ ಬಿಸಿಲು ಬಿದ್ದ ಮೇಲೆ. ಜೂನ್‌ನಲ್ಲಿ ಸೋರಿದರೆ ಹೆಂಚು ಸರಿದಿದೆ ಅಥವಾ ಒಡೆದಿದೆ ಅಷ್ಟೆ. ಜುಲೈನಲ್ಲಿ ಗೋಡೆಯ ಕೆಳಗಿನಿಂದ ತೇವ ಮೇಲೆ ಏರುತ್ತಿದ್ದರೆ ಅಂಗಳದ ನೀರು ಅಡಿಪಾಯಕ್ಕೆ ಹೋಗುತ್ತಿದೆ. ಪಡುವಣ ಗೋಡೆ ಮಾತ್ರ ಒದ್ದೆಯಾಗಿದ್ದರೆ ಗಾಳಿಮಳೆ ಹೊಡೆದದ್ದು, ಅಲ್ಲಿ ಜಗಲಿಯ ಮಾಡು ಉದ್ದ ಮಾಡಿದರೆ ಮುಗಿಯಿತು. ಅಕ್ಟೋಬರ್ ಕೊನೆಗೂ ಗೋಡೆ ಒಣಗಿಲ್ಲ ಅಂದರೆ ಮಾತ್ರ ಯೋಚನೆ ಮಾಡಬೇಕಾದ ವಿಷಯ.

ನಮ್ಮ ಶಾಲೆಯಲ್ಲಿ ಎಲ್ಲರೂ ಗೋಡೆ ಹೋಯಿತು ಅಂತ ಹೇಳುತ್ತಿದ್ದ ಮೂಲೆಗೆ ಜುಲೈನಲ್ಲಿ ಕೊಡೆ ಹಿಡಿದು ಹೋದೆ. ಎರಡು ಮಾಡು ಸೇರುವ ಕಡೆ ಇದ್ದ ತಗಡಿನ ದೋಣಿಯಲ್ಲಿ ಮಾವಿನ ಎಲೆ ಕೊಳೆತು ಕೂತಿತ್ತು. ನೀರು ದೋಣಿಯ ಅಂಚು ದಾಟಿ, ಗೋಡೆಯ ತಲೆಗೇ ಸುರಿಯುತ್ತಿತ್ತು. ಕೈ ಹಾಕಿ ಎಲೆ ತೆಗೆದೆ. ಎರಡು ಬುಟ್ಟಿ ಆಯಿತು. ಹದಿನೈದು ದಿನದಲ್ಲಿ ಆ ಗೋಡೆಯ ಕಪ್ಪು ಬಣ್ಣ ತಿಳಿಯಾಯಿತು. ಅದೇ ಮೂಲೆಯ ಫೋಟೋ ಹಿಡಿದುಕೊಂಡು ನಾವು ಮೂರು ವರ್ಷದಿಂದ ಹೊಸ ಕಟ್ಟಡ ಬೇಕು ಅಂತ ಅರ್ಜಿ ಕೊಡುತ್ತಿದ್ದೆವು.

ಹಂತ 4: ಹೆಂಚಿನ ಕಟ್ಟಡ ಪರೀಕ್ಷೆ

ಮೇಲಿನಿಂದ ಕೆಳಗೆ ಬನ್ನಿ: ಹೆಂಚು, ರೀಪು (ಹೆಂಚು ಕೂರುವ ಪಟ್ಟಿ), ಪಕಾಸು (ರೀಪು ಹೊರುವ ಇಳಿಜಾರು ಮರ), ತೊಲೆ, ಗೋಡೆ, ಅಡಿಪಾಯ. ಹೆಂಚು ಹೋಗಿದ್ದರೆ ಬೇಸರ ಬೇಡ. ಚದರ ಮೀಟರಿಗೆ ಸುಮಾರು 15 ಮಂಗಳೂರು ಹೆಂಚು ಬೇಕು, ಅಂಗಡಿಯಲ್ಲಿ ಸಿಗುತ್ತವೆ. ಮಂಗಳೂರಿನಲ್ಲಿ ಬಾಸೆಲ್ ಮಿಶನ್‌ನವರು 1865ರಲ್ಲಿ ಶುರು ಮಾಡಿದ ಮಾದರಿ ಅದು, ಇವತ್ತಿಗೂ ಒಂದು ಒಡೆದರೆ ಒಂದೇ ಬದಲಾಯಿಸಬಹುದು. ತಾರಸಿಯಲ್ಲಿ ಈ ಸೌಲಭ್ಯ ಇಲ್ಲ.

ನಿಜವಾದ ಪರೀಕ್ಷೆ ಮರದ್ದು. ಪಕಾಸಿನ ಮಧ್ಯ ಯಾವತ್ತೂ ಚೆನ್ನಾಗಿಯೇ ಕಾಣುತ್ತದೆ. ಅದು ಗೋಡೆಯ ಮೇಲೆ ಕೂರುವ ತುದಿ ನೋಡಬೇಕು. ಉದ್ದನೆಯ ಸ್ಕ್ರೂಡ್ರೈವರ್ ತೆಗೆದುಕೊಂಡು ಅಲ್ಲಿ ಒತ್ತಿ. ಗಟ್ಟಿ ಮತ್ತಿ, ಸಾಗವಾನಿಯಾದರೆ ತುದಿಯೂ ಇಳಿಯುವುದಿಲ್ಲ, ಟಣ್ ಅಂತ ಕೈಗೆ ತಾಗುತ್ತದೆ. ಒರಲೆ ತಿಂದಿದ್ದರೆ ಬೆಣ್ಣೆಗೆ ಹಾಕಿದ ಹಾಗೆ ಹಿಡಿಯ ತನಕ ಹೋಗುತ್ತದೆ, ಹೊರಗೆ ಬಣ್ಣ ಮಾತ್ರ ಉಳಿದಿರುತ್ತದೆ. ಪ್ರತಿ ಪಕಾಸಿಗೂ ಎರಡೂ ತುದಿ ಒತ್ತಿ ನೋಡಿ, ಒಳ್ಳೇದಕ್ಕೆ ಸುಣ್ಣದ ಗುರುತು, ಹೋದದ್ದಕ್ಕೆ ಕೆಂಪು ಗುರುತು ಹಾಕಿ. ನಮ್ಮಲ್ಲಿ ನಲವತ್ತೆಂಟರಲ್ಲಿ ಹನ್ನೊಂದಕ್ಕೆ ಮಾತ್ರ ಕೆಂಪು ಬಿತ್ತು. ಅದರಲ್ಲೂ ಏಳಕ್ಕೆ ತುದಿ ಮಾತ್ರ ಹೋಗಿತ್ತು. ಅಂಥದ್ದನ್ನು ತುದಿ ಕತ್ತರಿಸಿ ಪಕ್ಕಕ್ಕೆ ಹೊಸ ತುಂಡು ಬೋಲ್ಟ್ ಹಾಕಿ ಜೋಡಿಸಬಹುದು, ಇಡೀ ಮಾಡು ಇಳಿಸಬೇಕಿಲ್ಲ. ಕಬ್ಬಿಣದ ಟ್ರಸ್ ಹಾಕಿಸುವವರಿದ್ದರೆ ಕರಾವಳಿಯಲ್ಲಿ ಸತುವಿನ ಲೇಪ ಇಲ್ಲದ್ದು ಬೇಡ. ಉಪ್ಪುಗಾಳಿಗೆ ಬಣ್ಣ ಒಂದೇ ನಿಲ್ಲುವುದಿಲ್ಲ.

ಚಿರೇಕಲ್ಲಿನ ಗೋಡೆ ಒಣಗಿದ್ದರೆ ಗಟ್ಟಿ, ಸದಾ ಒದ್ದೆಯಾಗಿದ್ದರೆ ಮೆತ್ತಗಾಗುತ್ತದೆ. ಹಳೇ ಗೋಡೆಗಳನ್ನು ಮಣ್ಣು ಅಥವಾ ಸುಣ್ಣದ ಗಾರೆಯಲ್ಲಿ ಕಟ್ಟಿದ್ದಾರೆ, ಅವು ತೇವ ಹೊರಗೆ ಬಿಡುತ್ತವೆ. ಆಮೇಲೆ ಯಾರೋ ಚಂದ ಕಾಣಲಿ ಅಂತ ಸಿಮೆಂಟ್ ಗಿಲಾಯಿ (ಪ್ಲಾಸ್ಟರ್) ಮಾಡಿಸಿ, ಮೇಲೆ ಎಣ್ಣೆ ಬಣ್ಣ ಬಳಿಸುತ್ತಾರೆ. ತೇವ ಒಳಗೇ ಸಿಕ್ಕಿಬೀಳುತ್ತದೆ, ಗಿಲಾಯಿ ಹಪ್ಪಳದ ಹಾಗೆ ಉಬ್ಬುತ್ತದೆ. ಉಬ್ಬಿದ್ದನ್ನು ಕಂಡು ಗೋಡೆ ಸತ್ತಿದೆ ಅಂದುಕೊಳ್ಳಬೇಡಿ. ಒಂದು ಅಡಿ ಜಾಗದ ಗಿಲಾಯಿ ಕೆತ್ತಿ, ಕಲ್ಲನ್ನು ಉಗುರಿನಿಂದ ಕೆರೆದು ನೋಡಿ. ಪುಡಿ ಪುಡಿಯಾಗಿ ಉದುರಿದರೆ ಆ ಭಾಗ ಕಟ್ಟಿಸಬೇಕು. ಇಲ್ಲದಿದ್ದರೆ ಗೋಡೆ ನಿಮಗಿಂತ ಜಾಸ್ತಿ ವರ್ಷ ಬಾಳುತ್ತದೆ.

ಹಂತ 5: ತಾರಸಿ ಕಟ್ಟಡ ಪರೀಕ್ಷೆ

ತಾರಸಿ ಅಂದರೆ ಗಟ್ಟಿ ಅನ್ನುವ ನಂಬಿಕೆ ನಮ್ಮಲ್ಲಿ ಬಹಳ. 2024ರ ಆಗಸ್ಟ್ 7ರ ನಡುರಾತ್ರಿ ಕಾರವಾರದಲ್ಲಿ ಕಾಳಿ ನದಿಯ ಹಳೇ ಸೇತುವೆ ಕುಸಿದು ಲಾರಿ ನೀರಿಗೆ ಬಿತ್ತು, ಚಾಲಕನನ್ನು ಕಾಪಾಡಿದರು. ಅದು ಕಾಂಕ್ರೀಟಿನದ್ದೇ, ವಯಸ್ಸು ನಲವತ್ತರ ಆಸುಪಾಸು.

ಕಾಂಕ್ರೀಟಿನ ಒಳಗಿನ ಸರಳು ತುಕ್ಕು ಹಿಡಿದರೆ, ತುಕ್ಕಾದ ಕಬ್ಬಿಣ ಎರಡರಿಂದ ಆರು ಪಟ್ಟು ಜಾಗ ಹಿಡಿಯುತ್ತದೆ. ಉಬ್ಬಿ, ಕೆಳಗಿನ ಸಿಮೆಂಟನ್ನು ತಳ್ಳಿ ಒಡೆಯುತ್ತದೆ. ಸಮುದ್ರದ ಗಾಳಿ, ಹೊಳೆಬಾಯಿಯ ಉಪ್ಪು ಮರಳು, ಸರಳಿನ ಮೇಲೆ ತೆಳುವಾಗಿ ಬಿಟ್ಟ ಕವರ್ (ಸರಳನ್ನು ಮುಚ್ಚುವ ಕಾಂಕ್ರೀಟ್ ಪದರ), ಮೂರೂ ಸೇರಿದರೆ ಇಪ್ಪತ್ತೈದು ವರ್ಷಕ್ಕೇ ತಾರಸಿ ಮುಗಿಯುತ್ತದೆ.

ಮೊದಲು ಸುತ್ತಿಗೆ. ಉದ್ದ ಕೋಲಿಗೆ ಕಟ್ಟಿ ತಾರಸಿಯ ಅಡಿಯನ್ನು ಸಾಲಾಗಿ ತಟ್ಟುತ್ತಾ ಹೋಗಿ, ತಲೆಗೆ ಹೆಲ್ಮೆಟ್ ಇರಲಿ. ಟಕ್ ಅಂದರೆ ಸರಿ, ಡಬ್ ಅಂದರೆ ಒಳಗೆ ಬಿಟ್ಟುಕೊಂಡಿದೆ. ಡಬ್ ಅಂದ ಜಾಗಕ್ಕೆಲ್ಲ ಸೀಮೆಸುಣ್ಣದಲ್ಲಿ ಗೆರೆ ಹಾಕಿ. ನಮ್ಮ ಎರಡು ಕೋಣೆಯಲ್ಲಿ ಗೆರೆ ಹಾಕುತ್ತಾ ಹಾಕುತ್ತಾ ಅರ್ಧಕ್ಕಿಂತ ಜಾಸ್ತಿ ಜಾಗ ಬೆಳ್ಳಗಾಯಿತು. ಅಕ್ಕೋರು ಬಾಗಿಲಲ್ಲಿ ನಿಂತು ನೋಡುತ್ತಿದ್ದವರು ಆ ಮಧ್ಯಾಹ್ನವೇ ಮಕ್ಕಳನ್ನು ಹೆಂಚಿನ ಕಟ್ಟಡದ ಜಗಲಿಗೆ ಕೂರಿಸಿದರು.

ಆಮೇಲೆ ಎಂಜಿನಿಯರ್ ಹತ್ತಿರ ಮಾಡಿಸುವ ಪರೀಕ್ಷೆಗಳು. ಹೊಸದಾಗಿ ಒಡೆದ ಕಾಂಕ್ರೀಟಿನ ಮೇಲೆ ಫೀನಾಲ್ಫ್ಥಲೀನ್ ದ್ರಾವಣ ಚಿಮುಕಿಸಿದರೆ ಗುಲಾಬಿ ಬಣ್ಣ ಬರಬೇಕು. ಬಣ್ಣ ಬಾರದ ಭಾಗ ಸರಳಿನ ತನಕ ಹೋಗಿದ್ದರೆ ಸರಳಿಗೆ ರಕ್ಷಣೆ ಇಲ್ಲ. ಆದರೆ ಈ ಪರೀಕ್ಷೆಗೆ ಉಪ್ಪು ತಿಳಿಯುವುದಿಲ್ಲ. ಕರಾವಳಿಯಲ್ಲಿ ಕ್ಲೋರೈಡ್ ಪರೀಕ್ಷೆ ಬೇರೆಯೇ ಕೇಳಿ. ಸರಳಿನ ವೋಲ್ಟೇಜ್ ಅಳೆಯುವ ಹಾಫ್ ಸೆಲ್ ಪರೀಕ್ಷೆಯಲ್ಲಿ ತಾಮ್ರದ ಎಲೆಕ್ಟ್ರೋಡ್‌ಗೆ ಹೋಲಿಸಿ ಮೈನಸ್ 350 ಮಿಲಿವೋಲ್ಟ್‌ಗಿಂತ ಕೆಳಗೆ ಬಂದರೆ ತುಕ್ಕು ನಡೆಯುತ್ತಿರುವ ಸಾಧ್ಯತೆ 90 ಶೇಕಡಾಕ್ಕಿಂತ ಜಾಸ್ತಿ. ರಿಬೌಂಡ್ ಹ್ಯಾಮರ್ ಒಂದನ್ನೇ ಹೊಡೆದು ವರದಿ ಕೊಟ್ಟರೆ ಒಪ್ಪಬೇಡಿ, ಅದು ಮೇಲ್ಮೈಯ ಗಟ್ಟಿತನ ಮಾತ್ರ ಹೇಳುತ್ತದೆ.

ಉಪ್ಪು ಒಳಗೆ ಹೋದ ತಾರಸಿಗೆ ತೇಪೆ ಹಚ್ಚುವುದು ದುಡ್ಡು ನೀರಿಗೆ ಹಾಕಿದಂತೆ. ತೇಪೆಯ ಪಕ್ಕದ ಜಾಗದಲ್ಲಿ ತುಕ್ಕು ಇನ್ನೂ ಜೋರಾಗುತ್ತದೆ. ಎರಡು-ಮೂರು ಕಡೆ ಮಾತ್ರ ಆಗಿದ್ದರೆ ರಿಪೇರಿ ಸರಿ, ಅರ್ಧ ತಾರಸಿ ಡಬ್ ಅಂದರೆ ಕೆಡವುವುದೇ ಸರಿ.

ಹಂತ 6: ನಿಜವಾಗಿ ಎಷ್ಟು ಬೇಕು?

ಸಿಗುವ ಅನುದಾನ ನೋಡಿ ಕೋಣೆ ಲೆಕ್ಕ ಹಾಕಬೇಡಿ. ಈಗಿನ ಮಕ್ಕಳು, ಊರಿನ ಅಂಗನವಾಡಿಯಲ್ಲಿರುವ ಮಕ್ಕಳು, ಶಿಕ್ಷಕರ ಸಂಖ್ಯೆ ನೋಡಿ. 2009ರ ಆರ್‌ಟಿಇ (ಶಿಕ್ಷಣ ಹಕ್ಕು) ಕಾಯ್ದೆ ಪ್ರಕಾರ ಪ್ರತಿ ಶಿಕ್ಷಕರಿಗೆ ಒಂದು ತರಗತಿ ಕೋಣೆ, ಕಚೇರಿ, ಹುಡುಗ ಹುಡುಗಿಯರಿಗೆ ಬೇರೆ ಶೌಚಾಲಯ, ಎಲ್ಲರೂ ಒಳಗೆ ಬರುವ ದಾರಿ ಬೇಕು. ಇಳಿಜಾರು ದಾರಿ 1ಕ್ಕೆ 12ರ ಪ್ರಮಾಣದಲ್ಲಿರಬೇಕು. ನೆಲ 45 ಸೆಂ.ಮೀ. ಎತ್ತರ ಇದ್ದರೆ 5.4 ಮೀಟರ್ ಉದ್ದ. ಹಳೇ ಜಗಲಿಯ ತುದಿಯಲ್ಲಿ ಇದು ಸಲೀಸಾಗಿ ಕೂರುತ್ತದೆ.

ಹಂತ 7: ಎರಡು ಅಂದಾಜು, ಒಂದೇ ಅಳತೆ

ಲೋಕೋಪಯೋಗಿ ಇಲಾಖೆ ಅಥವಾ ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗದವರು ಎಸ್‌ಆರ್ ದರದಲ್ಲಿ (ಸರ್ಕಾರದ ದರಪಟ್ಟಿ) ಅಂದಾಜು ಮಾಡುತ್ತಾರೆ. ನೀವು ಕೇಳಬೇಕಾದ್ದು ಒಂದೇ: ಅಷ್ಟೇ ಕೋಣೆ, ಅದೇ ಶೌಚಾಲಯ, ಅದೇ ಇಳಿಜಾರು ದಾರಿ ಇಟ್ಟು ರಿಪೇರಿಗೂ ಹೊಸದಕ್ಕೂ ಬೇರೆ ಬೇರೆ ಅಂದಾಜು ಕೊಡಿ. ರಿಪೇರಿ ಅಂದಾಜಿನಲ್ಲಿ ನಿಮ್ಮ ನೋಟ್‌ಬುಕ್ ಲೆಕ್ಕ ಇರಲಿ. "ಮಾಡು ದುರಸ್ತಿ, ಒಟ್ಟು" ಅಂತ ಒಂದೇ ಸಾಲು ಬರೆದರೆ ಒಪ್ಪಬೇಡಿ.

ಹೊಸದರ ಅಂದಾಜಿನಲ್ಲಿ ಬಿಟ್ಟುಹೋಗುವವು: ಕೆಡವುವ ಖರ್ಚು, ಮಣ್ಣು ಸಾಗಿಸುವುದು, ಮಕ್ಕಳಿಗೆ ತಾತ್ಕಾಲಿಕ ಜಾಗ, ಮತ್ತೆ ಕರೆಂಟು ನೀರು. ರಿಪೇರಿಯಲ್ಲಿ ಬಿಟ್ಟುಹೋಗುವುದು ಮಾಡು ಬಿಚ್ಚಿದ ಮೇಲೆ ಕಾಣುವ ಹಾಳು. ಅದಕ್ಕೆ 20 ಶೇಕಡಾ ಸೇರಿಸಿಯೇ ಲೆಕ್ಕ ಹಾಕಿ.

ಲೆಕ್ಕದ ರೀತಿ ತಿಳಿಯಲಿ ಅಂತ ಸುಮ್ನೆ ಒಂದಿಷ್ಟು ಅಂಕಿ ಹಿಡಿಯೋಣ. ಹೊಸದಕ್ಕೆ 60 ಲಕ್ಷ, ಕೆಡವಲು ಮತ್ತು ತಾತ್ಕಾಲಿಕ ವ್ಯವಸ್ಥೆಗೆ 5, ಒಟ್ಟು 65. ರಿಪೇರಿಗೆ 24, ಅದರ ಮೇಲೆ 20 ಶೇಕಡಾ ಸೇರಿ ಸುಮಾರು 29. ಇಲ್ಲಿಗೆ ನಿಲ್ಲಿಸಬೇಡಿ, ಮೂವತ್ತು ವರ್ಷ ನೋಡಿ. ಹೆಂಚಿನ ಮಾಡಿಗೆ ವರ್ಷಕ್ಕೆ 40 ಸಾವಿರದಂತೆ 12 ಲಕ್ಷ, ನಡುವೆ ಒಂದು ದೊಡ್ಡ ರಿಪೇರಿ 6 ಲಕ್ಷ, ಒಟ್ಟು 47. ಹೊಸದಕ್ಕೆ ವರ್ಷಕ್ಕೆ 25 ಸಾವಿರದಂತೆ 7.5 ಲಕ್ಷ, ತಾರಸಿ ಸೋರಿಕೆ ತಡೆಗೆ 4 ಲಕ್ಷ, ಒಟ್ಟು 76.5. ಇಲ್ಲಿ ರಿಪೇರಿ ಗೆಲ್ಲುತ್ತದೆ.

ನಾನು ಇಟ್ಟುಕೊಂಡ ಅಂದಾಜು ಹೀಗಿದೆ, ಇದು ಸರ್ಕಾರಿ ನಿಯಮ ಅಲ್ಲ. ರಿಪೇರಿ ಮೊತ್ತ ಹೊಸದರ ಅರ್ಧದೊಳಗಿದ್ದರೆ ರಿಪೇರಿ ಮಾಡಿ. 70 ಶೇಕಡಾ ದಾಟಿದರೆ ಹೊಸದು ಕಟ್ಟಿ. ನಡುವೆ ಇದ್ದರೆ ಜಾಗದ ಕಾಗದ ಏನು ಹೇಳುತ್ತದೆ, ಮಕ್ಕಳಿಗೆ ಎಷ್ಟು ತಿಂಗಳು ತೊಂದರೆ, ನಿರ್ವಹಣೆ ಮಾಡುವವರು ಊರಲ್ಲಿದ್ದಾರಾ ಅನ್ನುವುದರ ಮೇಲೆ ನಿರ್ಧಾರ. ಕೊನೆಯದ್ದೇ ಬಹಳ ಮುಖ್ಯ. ವರ್ಷಕ್ಕೊಮ್ಮೆ ಮಾಡು ಹತ್ತುವವರಿಲ್ಲದ ಊರಿಗೆ ಹೆಂಚಿನ ಮಾಡು ಬೇಡ.

ಎರಡರಲ್ಲೊಂದು ಅಂತ ಹಟವೂ ಬೇಡ. ಗಟ್ಟಿ ಇರುವ ಕೋಣೆ ಉಳಿಸಿಕೊಂಡು, ಹಿಂದೆ ಹೊಸ ಕೋಣೆ ಸೇರಿಸಬಹುದು. ನಾವು ಮಾಡಿದ್ದು ಇದನ್ನೇ.

ಹಂತ 8: ಕೆಡವುವುದಾದರೆ

ಊರವರೇ ಸೇರಿ ಕೆಡವುವಂತಿಲ್ಲ, ಅದು ಸರ್ಕಾರದ ಆಸ್ತಿ. ಎಂಜಿನಿಯರ್ ಶಿಥಿಲ ಅಂತ ಬರೆದುಕೊಡಬೇಕು, ಇಲಾಖೆಯ ಅನುಮತಿ ಬೇಕು, ಹಳೇ ಸಾಮಾನಿನ ಹರಾಜು ದಾಖಲೆಗೆ ಹೋಗಬೇಕು. ಬಾಗಿಲು, ತೊಲೆ, ಹೆಂಚು, ಚಿರೇಕಲ್ಲು ಎಣಿಸಿ ಪಟ್ಟಿ ಮಾಡಿ. ನನಗೆ ಗೊತ್ತಿರುವ ಒಂದು ಊರಿನಲ್ಲಿ ಸಾಗವಾನಿ ಬಾಗಿಲು ಒಂದೇ ರಾತ್ರಿಯಲ್ಲಿ ಕಾಣೆಯಾದವು, ಪಟ್ಟಿ ಇಲ್ಲದ್ದರಿಂದ ಕೇಳಲೂ ಆಗಲಿಲ್ಲ.

ಹೊಸ ಜಾಗಕ್ಕಾಗಿ ಗುಡ್ಡ ಕಡಿದು ಸಪಾಟು ಮಾಡುವುದು ಬೇಡವೇ ಬೇಡ. 2024ರ ಜುಲೈ 16ರ ಅಂಕೋಲಾದ ಶಿರೂರು ಗುಡ್ಡ ಕುಸಿತ ಕಣ್ಣ ಮುಂದಿದೆ. ಹೊಳೆ ಹತ್ತಿರವಾದರೆ 2019ರ ನೆರೆಯಲ್ಲಿ ನೀರು ಎಲ್ಲಿ ತನಕ ಬಂದಿತ್ತು ಅಂತ ಅಕ್ಕಪಕ್ಕದ ಮನೆಯ ಗೋಡೆ ತೋರಿಸುತ್ತದೆ, ನೆಲ ಅದಕ್ಕಿಂತ ಮೇಲಿರಲಿ. ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456 ಪ್ರಕಾರ ಕರಾವಳಿ ಗಾಳಿಗೆ ತೆರೆದ ಕಾಂಕ್ರೀಟ್ ಕನಿಷ್ಠ ಎಂ30 ದರ್ಜೆಯದ್ದು ಇರಬೇಕು, ಸರಳಿನ ಮೇಲೆ 45 ಮಿ.ಮೀ. ಕವರ್ ಬೇಕು. ಕಾಂಕ್ರೀಟ್ ಹಾಕುವ ದಿನ ಬೆಳಿಗ್ಗೆ ಟೇಪ್ ಹಿಡಿದು ನೀವೇ ನಿಲ್ಲಿ.

ಹಂತ 9: ರಿಪೇರಿಯಾದರೆ

ಅನುಕ್ರಮ ತಪ್ಪಬಾರದು. ಮೊದಲು ಮಾಡು, ಆಮೇಲೆ ಅಂಗಳದ ನೀರಿನ ದಾರಿ, ಆಮೇಲೆ ಗೋಡೆ, ಕೊನೆಗೆ ನೆಲ ಮತ್ತು ಬಣ್ಣ. ಎಷ್ಟೋ ಕಡೆ ಬಣ್ಣದಿಂದಲೇ ಶುರು ಮಾಡುತ್ತಾರೆ, ಮುಂದಿನ ಜುಲೈಗೆ ಹಳೇ ಕಥೆಯೇ. ಅಕ್ಟೋಬರ್ ಕೊನೆಗೆ ಹೆಂಚು ಇಳಿಸಿದರೆ ಮಾರ್ಚ್ ಒಳಗೆ ಮುಗಿಯುತ್ತದೆ. ಗೋಡೆ ಪೂರ್ತಿ ಒಣಗಿದ ಮೇಲೆ ಸುಣ್ಣದ ಗಿಲಾಯಿ ಮಾಡಿಸಿ. ಅಘನಾಶಿನಿ ಕಡೆ ಚಿಪ್ಪಿನ ಸುಣ್ಣದ ಕೆಲಸ ಗೊತ್ತಿರುವ ಹಿರಿಯ ಮೇಸ್ತ್ರಿಗಳು ಸಿಕ್ಕರೆ ಬಿಡಬೇಡಿ, ಜೊತೆಗೆ ಇಬ್ಬರು ಹುಡುಗರನ್ನು ಕಲಿಯಲು ನಿಲ್ಲಿಸಿ.

ಮುಗಿದ ಮೇಲೆ ವರ್ಷಕ್ಕೊಂದು ದಿನ ಗೊತ್ತು ಮಾಡಿ. ನಮ್ಮದು ಮೇ ತಿಂಗಳ ಕೊನೆಯ ಭಾನುವಾರ. ದೋಣಿಯ ಎಲೆ ತೆಗೆಯುವುದು, ಸರಿದ ಹೆಂಚು ಕೂರಿಸುವುದು, ಪಕಾಸಿನ ತುದಿ ಒತ್ತಿ ನೋಡುವುದು, ಗೋಡೆಗೆ ಒರಲೆ ಮಣ್ಣಿನ ಗೆರೆ ಏರಿದೆಯಾ ನೋಡುವುದು. ಆರು ಜನ ಇದ್ದರೆ ಮಧ್ಯಾಹ್ನದೊಳಗೆ ಕೆಲಸ ಮುಗಿಯುತ್ತದೆ. ಇನ್ನೂರು ಹೆಂಚು ಶೌಚಾಲಯದ ಹಿಂದೆ ಪೇರಿಸಿಟ್ಟಿದ್ದೇವೆ.

ಕಳೆದ ಜುಲೈನಲ್ಲಿ ಎರಡನೇ ಕೋಣೆಯ ಮೂರನೇ ಕಿಟಕಿ ಹತ್ತಿರ ನೀರು ಬಂತು. ಅಡುಗೆಯವರು ಪುಸ್ತಕದಲ್ಲಿ ತಾರೀಖು ಹಾಕಿ ಬರೆದರು: "ಕೋಣೆ 2, ಕಿಟಕಿ 3, ಒಂದು ಹೆಂಚು." ಸಂಜೆ ಮಳೆ ಹೊಳವಾದಾಗ ಏಣಿ ಹಾಕಿ ಹತ್ತಿದೆ. ಒಂದೇ ಹೆಂಚು ಸರಿದಿತ್ತು.